ಅಕ್ಕಿ ಡಬ್ಬಿಯಲ್ಲಿಟ್ಟ ದನಿ

ಮೊನ್ನೆ ಹೊಸ ಚಪ್ಪಲಿ ತಂದೆ. ಡಬ್ಬಿ ಬಿಚ್ಚಿದವನು ಚಪ್ಪಲಿಯನ್ನು ಪಕ್ಕಕ್ಕೆ ಸರಿಸಿ ಮೊದಲು ಹುಡುಕಿದ್ದು ಮೂಲೆಯಲ್ಲಿ ಬಿದ್ದಿರುವ ಪುಟ್ಟ ಬಿಳಿ ಪೊಟ್ಟಣವನ್ನು. ನೀವೂ ನೋಡಿರುತ್ತೀರಿ. ಒಳಗೆ ಸಾಬೂದಾನಿಯಂಥ ಕಾಳು, ಮೇಲೆ ತಿನ್ನಬೇಡಿ ಎಂಬ ಎಚ್ಚರಿಕೆ. ತೇವ ಹೀರಿಕೊಳ್ಳುವ ಪೊಟ್ಟಣ ಅದು. ಎಲ್ಲರೂ ಕಸಕ್ಕೆ ಎಸೆಯುತ್ತಾರೆ, ನಾನು ಎತ್ತಿಡುತ್ತೇನೆ. ಗುಳಿಗೆಯ ಬಾಟಲಿ, ಹೊಸ ಬ್ಯಾಗು, ಪಕ್ಕದ ಮನೆಯವರ ಮಿಕ್ಸರ್ ಡಬ್ಬಿ, ಎಲ್ಲಿ ಸಿಕ್ಕರೂ ಬಿಡುವುದಿಲ್ಲ. "ಮನಿಗೆ ಬಂದೋರು ಏನಂದ್ಕೋಬೇಕು? ಇದೊಂದು ಹುಚ್ಚು ನಿಮಗ" ಎಂದು ಹೆಂಡತಿ ಬಯ್ಯುತ್ತಾಳೆ. ಹುಚ್ಚೇ ಇರಬಹುದು. ಹಿಡಿಯಬೇಕಾದ ಹೊತ್ತಿಗೆ ಹಿಡಿಯದೆ ಹದಿನಾರು ವರ್ಷ ತಡವಾಗಿ ಹಿಡಿದ ಹುಚ್ಚು.

ಸುತ್ತಿ ಬಳಸಿ ಹೇಳುವುದು ಬೇಡ. ನನ್ನ ಅಕ್ಕನ ದನಿಯನ್ನು ಕಾಯುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಅದು ನನ್ನ ಕೈಯಲ್ಲಿ ಬೂಷ್ಟು ಹಿಡಿದು ಹೋಯಿತು.

ನಾನು ಯಾರು ಅಂತ ಹೇಳಬೇಕಲ್ಲ. ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ ನನ್ನದೊಂದು ಅಂಗಡಿ. ಈಗ ಅದರಲ್ಲಿ ಝೆರಾಕ್ಸು, ಆಧಾರ್ ತಿದ್ದುಪಡಿ, ಪಹಣಿ ತೆಗೆದುಕೊಡುವುದು, ಇಂಥವೇ ಕೆಲಸ. ಆಗ ಮಾತ್ರ ಅದಕ್ಕೆ ಕಂಪ್ಯೂಟರ್ ಸೆಂಟರ್ ಅಂತ ದೊಡ್ಡ ಹೆಸರು. ಲಗ್ನಪತ್ರಿಕೆ ಟೈಪು ಮಾಡುತ್ತಿದ್ದೆ, ಮದುವೆ ಫೋಟೊಗಳನ್ನು ಸೀಡಿಗೆ ಹಾಕಿಕೊಡುತ್ತಿದ್ದೆ. ನಮ್ಮ ಬಳಗದಲ್ಲಿ ಇಲಿ ಅಂದರೆ ಕಾಳು ತಿನ್ನುವುದು ಅಂತಷ್ಟೇ ಗೊತ್ತಿದ್ದ ಕಾಲದಲ್ಲಿ ಅಂಗೈಯಲ್ಲಿ ಮೌಸು ಹಿಡಿದು ತಿರುಗಿಸಿದವನು ನಾನೊಬ್ಬನೇ. ಎಲ್ಲರೂ ಕಂಪ್ಯೂಟರಪ್ಪ ಎಂದು ಕರೆಯುತ್ತಿದ್ದರು. ಚೇಷ್ಟೆಗೆ ಕರೆಯುತ್ತಾರೆ ಅಂತ ಗೊತ್ತಿದ್ದರೂ ಒಳಗೊಳಗೇ ಉಬ್ಬುತ್ತಿದ್ದೆ. ಆ ಉಬ್ಬಿನ ಕತೆಯೇ ಇದು.

ಮನೆ ಅಂಗಡಿಯ ಹಿಂದೆಯೇ, ಮನೆಯ ಹಿಂದೆ ಕಾಲುವೆ. ನೀರು ಬಿಟ್ಟರೆಂದರೆ ಗದ್ದೆಯವರಿಗೆಲ್ಲ ಖುಷಿ, ನಮ್ಮ ಗೋಡೆಗೆ ಮಾತ್ರ ಜ್ವರ ಬಂದಂತೆ ಬೆವರು. ಮೊಣಕಾಲೆತ್ತರದವರೆಗೆ ಸುಣ್ಣ ಉಬ್ಬಿ ಹಪ್ಪಳ ಹಪ್ಪಳವಾಗಿ ಉದುರುತ್ತಿತ್ತು. ಹಂಪಿ ನೋಡಲು ಬಂದ ನೆಂಟರು ಮಧ್ಯಾಹ್ನ ನಮ್ಮಲ್ಲಿ ಊಟಕ್ಕಿಳಿದು "ಏನ್ ಊರಪ್ಪ ನಿಮ್ದು, ಬರೇ ಕಲ್ಲು ಬಿಸಿಲು" ಅಂದರೆ ನಾನು ಅವರನ್ನು ಒಳಕೋಣೆಗೆ ಕರೆದೊಯ್ದು ಗೋಡೆ ಮುಟ್ಟಿಸುತ್ತಿದ್ದೆ. ಹೊರಗೆ ತಲೆ ಸಿಡಿಯುವ ಬಿಸಿಲು, ಒಳಗೆ ಬೀರುವಿನಲ್ಲಿಟ್ಟ ರೇಷ್ಮೆ ಸೀರೆಗೆ ಬೂಷ್ಟು. ಇಂಥ ಮನೆಯಲ್ಲಿ ಸೀಡಿ ಇಟ್ಟರೆ ಕೆಡುತ್ತದೆ ಅಂತ ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಅಂತ ಹೇಳಿಕೊಂಡು ತಪ್ಪಿಸಿಕೊಳ್ಳುವ ಹಾಗೂ ಇಲ್ಲ.

ಅಕ್ಕನ ಹೆಸರು ನೀಲಮ್ಮ. ನನಗಿಂತ ಆರು ವರ್ಷಕ್ಕೆ ದೊಡ್ಡವಳು. ಕಂಪ್ಲಿಯಲ್ಲಿ ಅಕ್ಕಿ ಮಿಲ್ಲಿನವರ ಮನೆಗೆ ಕೊಟ್ಟಿದ್ದೆವು. ಮಿಲ್ಲಿಗೆ ಭತ್ತ ಬಂದಾಗ ಒಂದು ಕಾಳು ಬಾಯಿಗೆ ಹಾಕಿ ಕಡಿದು ನೋಡುವ ಪದ್ಧತಿ ಉಂಟಲ್ಲ, ಟಕ್ಕೆಂದು ಮುರಿದರೆ ಒಣಗಿದೆ, ಹಲ್ಲಿಗೆ ಮೆತ್ತಗೆ ಅಂಟಿದರೆ ಹಸಿ ಇದೆ ಅಂತ. ಅದನ್ನು ಆಕೆ ಮಾವನ ಪಕ್ಕದಲ್ಲಿ ನಿಂತೇ ಕಲಿತಳು. ಕೊನೆಕೊನೆಗೆ ಮಾವನೇ ಅಂಗೈಯಲ್ಲಿ ಕಾಳು ಹಿಡಿದುಕೊಂಡು ಅಡುಗೆ ಮನೆ ಬಾಗಿಲಿಗೆ ಬಂದು "ಇದೊಂದಿಟು ನೋಡವಾ" ಅನ್ನುತ್ತಿದ್ದರಂತೆ. ದನಿಯೂ ಅಂಥದ್ದೇ, ದೊಡ್ಡದು. ಮಿಲ್ಲು ಓಡುತ್ತಿರುವಾಗಲೂ ಹಿತ್ತಿಲಿನಿಂದ ಕೂಗಿದರೆ ಮುಂಬಾಗಿಲಿಗೆ ಕೇಳಬೇಕು. ಫೋನಿನಲ್ಲಿ ಮಾತಾಡುವಾಗ ನಾನು ರಿಸೀವರನ್ನು ಕಿವಿಯಿಂದ ಒಂದು ಗೇಣು ದೂರ ಹಿಡಿಯುತ್ತಿದ್ದೆ.

ಆ ಗಂಟಲಿಗೇ ಕ್ಯಾನ್ಸರ್ ಬಂತು. ಬಳ್ಳಾರಿಯ ಡಾಕ್ಟರು ಮುಚ್ಚುಮರೆ ಮಾಡಲಿಲ್ಲ. ಆಪರೇಷನ್ ಮಾಡಿದರೆ ಜೀವ ಉಳಿಯಬಹುದು, ದನಿ ಮಾತ್ರ ಹೋಗುತ್ತದೆ ಅಂದರು. ಹತ್ತು ದಿನದ ಮೇಲೆ ಬರಲು ಹೇಳಿದರು. ವಾಪಸು ಬರುವಾಗ ಬಸ್ಸಿನಲ್ಲಿ ಅಕ್ಕ ಕಿಟಕಿಯ ಕಡೆ ನೋಡುತ್ತ ಕೂತಿದ್ದಳು. ತೋರಣಗಲ್ಲು ದಾಟಿದ ಮೇಲೆ ತಿರುಗಿ ಕೇಳಿದಳು: "ನಿನ್ ಕಂಪ್ಯೂಟರ್‌ದಾಗ ನನ್ ಮಾತು ಹಿಡದಿಡಾಕ ಆಗತೈತೇನು? ಪೂರ್ಣಿ ಇನ್ನಾ ಭಾಳ ಸಣ್ಣದು. ನಾನು ಹೆಂಗ ಮಾತಾಡ್ತಿದ್ದೆ ಅಂತ ಅದಕ ನೆನಪಿರಂಗಿಲ್ಲ."

ಪೂರ್ಣಿ ಅಂದರೆ ಪೂರ್ಣಿಮಾ, ಅಕ್ಕನ ಒಬ್ಬಳೇ ಮಗಳು. ಆಗ ಅದಕ್ಕೆ ನಾಲ್ಕು ವರ್ಷ.

ಎಂಟು ದಿನ ಅಕ್ಕ ನಮ್ಮ ಮನೆಯಲ್ಲೇ ಉಳಿದಳು. ದಿನಾ ಮಧ್ಯಾಹ್ನ ಅಂಗಡಿಯ ಶಟರ್ ಅರ್ಧ ಇಳಿಸಿ, ಸದ್ದು ಬರುತ್ತದೆಂದು ಫ್ಯಾನು ಆರಿಸಿ, ಮೈಕು ಮುಂದಿಟ್ಟುಕೊಂಡು ಕೂರುತ್ತಿದ್ದೆವು. ಇಬ್ಬರಿಗೂ ಬೆವರು ಧಾರಾಕಾರ. ಹೊರಗೆ ಆಟೋದವರು ಕೂಗಿದರೆ ನಿಲ್ಲಿಸು, ಮತ್ತೆ ಶುರು ಮಾಡು. ಮೊದಲ ದಿನ ಅಕ್ಕ ರೇಡಿಯೋದವರ ಹಾಗೆ "ಪ್ರೀತಿಯ ಮಗಳೇ, ನಾನು ನಿನ್ನ ತಾಯಿ" ಅಂತ ಶುರು ಮಾಡಿ ತಾನೇ ನಕ್ಕುಬಿಟ್ಟಳು. ಎರಡನೇ ದಿನ ನಡುವೆ ಮರೆತು "ಏನ್ಲೇ ಇದು ಮೂಲ್ಯಾಗ ಜ್ಯಾಡ, ನಿನ್ ಅಂಗಡಿಗೆ ಕಸಬರಿಗಿ ಅನ್ನೋದು ಐತೋ ಇಲ್ಲೋ" ಅಂತ ಮೂಲೆಯ ಜೇಡರಬಲೆ ತೋರಿಸಿ ನನ್ನನ್ನೇ ತರಾಟೆಗೆ ತೆಗೆದುಕೊಂಡಳು. ಅದು ಪೂರ್ಣಿಗೆ ಯಾಕೆ ಅಂತ ನಾನು ಆ ತುಂಡನ್ನು ಕತ್ತರಿಸಿ ತೆಗೆದೆ. ನೋಡ್ರಿ, ಎಂಥ ಜಾಣ. ಅಲ್ಲಿಯವರೆಗೆ ಅಕ್ಕ ಅಕ್ಕನ ಹಾಗೆ ಮಾತಾಡಿದ್ದು ಅದೊಂದೇ ತುಂಡಿನಲ್ಲಿ, ಅದನ್ನೇ ಕಸಕ್ಕೆ ಹಾಕಿದ್ದೆ.

ಆಮೇಲೆ ಒಗ್ಗಿಕೊಂಡಳು. ಮಂಡಕ್ಕಿ ಒಗ್ಗರಣೆಗೆ ಮಂಡಕ್ಕಿಯನ್ನು ಎಷ್ಟು ಹೊತ್ತು ನೆನೆಸಬೇಕು, ಜಡೆ ಬಿಗಿಯಾಗಿ ಹಾಕಿಕೊಳ್ಳುವುದು ಹೇಗೆ, ಮೈನೆರೆದಾಗ ಯಾಕೆ ಹೆದರಬಾರದು, ಎಲ್ಲ ಹೇಳಿದಳು. "ಮದಿವಿ ಆಗೋದು ಬಿಡೋದು ನಿನ್ ಇಷ್ಟ. ಓದೋದು ಮಾತ್ರ ನನ್ ಇಷ್ಟ" ಅಂದದ್ದು ನನಗೆ ಹಾಗೇ ನೆನಪಿದೆ. ಪೂರ್ಣಿಯನ್ನು ಹಿತ್ತಿಲಿನಿಂದ ಕೂಗುವ ಹಾಗೆ ಕೂಗಿದಳು, ಮೈಕು ಒಡೆಯಿತೇನೋ ಅನ್ನುವಷ್ಟು. ಕೊನೆಯ ದಿನ ಒಂದು ಷರತ್ತು ಹಾಕಿದಳು. "ಸಣ್ಣಾಕಿ ಇದ್ದಾಗ ಕೇಳಿಸಬ್ಯಾಡ. ಮನ್ಯಾಗ ಕುಂತಿರೋ ಅವ್ವ ಮೂಕಿ, ಡಬ್ಬಿಯೊಳಗಿನ ಅವ್ವ ಮಾತಾಡ್ತಾಳ ಅಂದ್ರ ಕೂಸು ಅಂಜತೈತಿ. ಆಕಿ ಓದಿ, ಕೆಲಸಕ್ಕ ಸೇರಿ, ತನ್ನ ಕಾಲ ಮ್ಯಾಲೆ ನಿಂತ ದಿನ ಕೇಳಿಸು." ಆಗಲಿ ಅಂದೆ.

ಮೂರು ಪ್ರತಿ ಮಾಡಿದೆ. ಪ್ರತಿಯೊಂದೂ ಐದೈದು ಸೀಡಿ. ಮೇಲೆ ಒಂದು ಹಾರ್ಡ್ ಡಿಸ್ಕು ಬೇರೆ. ಒಂದು ಹೋದರೆ ಇನ್ನೊಂದು, ಅದು ಹೋದರೆ ಮತ್ತೊಂದು ಅಂತ ಬಂದವರ ಮುಂದೆಲ್ಲ ಕೊಚ್ಚಿಕೊಂಡೆ. ಆಮೇಲೆ ಆ ಮೂರು ಪ್ರತಿಯನ್ನೂ ಹಾರ್ಡ್ ಡಿಸ್ಕನ್ನೂ ಒಂದೇ ಬಟ್ಟೆಯ ಚೀಲಕ್ಕೆ ಹಾಕಿ ಒಂದೇ ತಗಡಿನ ಡಬ್ಬಿಯಲ್ಲಿಟ್ಟೆ. ಈಗ ಅಂಗಡಿಗೆ ಬಂದವರಿಗೆಲ್ಲ ಬೇರೆ ಬೇರೆ ಮನೆಯಲ್ಲಿಡ್ರಿ, ವರ್ಷಕ್ಕೊಮ್ಮೆ ತೆಗೆದು ನೋಡ್ರಿ, ಹೊಸದಕ್ಕೆ ವರ್ಗಾಯಿಸ್ರಿ ಅಂತ ಕರೆದು ಕರೆದು ಬುದ್ಧಿ ಹೇಳುತ್ತೇನೆ. ಆ ಬುದ್ಧಿ ಆಗ ಎಲ್ಲಿ ಮೇಯಲು ಹೋಗಿತ್ತೋ ಗೊತ್ತಿಲ್ಲ.

ಆಪರೇಷನ್ ಆಯಿತು. ಉಸಿರಾಡಲೆಂದು ಅಕ್ಕನ ಗಂಟಲಲ್ಲಿ ಮಾಡಿದ ತೂತಿಗೆ ಒಂದು ತೆಳು ಬಟ್ಟೆ, ಅದರ ಮೇಲೆ ಸೆರಗು. ಕೈಯಲ್ಲಿ ಪೂರ್ಣಿಯ ಪಾಟಿ, ಬಳಪ. ಪಾಟಿ ಅಂದರೆ ಸ್ಲೇಟು. ಏನು ಹೇಳಬೇಕಾದರೂ ಅದರ ಮೇಲೆ ಬರೆದು ತೋರಿಸಿ, ಅಂಗೈಯಿಂದ ಒರೆಸಿ, ಮತ್ತೆ ಬರೆಯುವಳು. ಮೊದಲ ತಿಂಗಳು ಎಲ್ಲರೂ ಕಾದು ಓದಿದೆವು. ಆಮೇಲೆ ನಮಗೆ ಪುರುಸೊತ್ತು ಸಾಲದಾಯಿತು. ಆಕೆ ನಾಲ್ಕು ಅಕ್ಷರ ಬರೆಯುವಷ್ಟರಲ್ಲಿ "ಗೊತ್ತಾತು ಬಿಡಕ್ಕ" ಅಂತ ನಾವೇ ಉತ್ತರ ಕೊಟ್ಟುಬಿಡುತ್ತಿದ್ದೆವು. ಅರ್ಧ ಬರೆದ ಮಾತನ್ನು ಆಕೆ ಒರೆಸುತ್ತಿದ್ದಳು. ಇದನ್ನು ಬರೆಯುವಾಗ ನನಗೆ ನಾಚಿಕೆಯಾಗುತ್ತಿದೆ, ಆದರೂ ಬರೆಯುತ್ತೇನೆ.

ತಪಾಸಣೆಗೆಂದು ಆಗಾಗ ಬಂದು ನಮ್ಮಲ್ಲಿ ಇರುತ್ತಿದ್ದಳು. ಆ ವರ್ಷ ಸುಗ್ಗಿ ಮುಗಿದು ಮಿಲ್ಲಿನಿಂದ ಹೊಸ ಅಕ್ಕಿಯ ಚೀಲ ಬಂದಿತ್ತು. ನೆನೆದ ಮೊಬೈಲನ್ನು ಅಕ್ಕಿಯಲ್ಲಿ ಹೂತಿಟ್ಟರೆ ಅಕ್ಕಿ ತೇವ ಹೀರುತ್ತದೆ ಅಂತ ಯಾರೋ ಗಿರಾಕಿ ಹೇಳಿದ್ದು ನನ್ನ ತಲೆಯಲ್ಲಿ ಕೂತಿತ್ತು. ಇಷ್ಟು ಅಕ್ಕಿ ಮನೆಯಲ್ಲೇ ಇರುವಾಗ ಗೋಡೆಯ ಬೆವರಿಗೆ ನಾನ್ಯಾಕೆ ಹೆದರಲಿ ಅಂದುಕೊಂಡು, ಸೀಡಿಯ ಚೀಲವನ್ನು ಡಬ್ಬಿಯ ನಡುವೆ ಇಟ್ಟು ಸುತ್ತ ಹೊಸ ಅಕ್ಕಿ ಸುರಿಯತೊಡಗಿದೆ. ಒಳಕೋಣೆಯಲ್ಲಿ ಮಲಗಿದ್ದ ಅಕ್ಕ ಸದ್ದಿಗೆ ಎದ್ದು ಬಂದಳು. ನೋಡಿದಳು. ಪಾಟಿ ತಂದು ಬರೆದಳು: "ಹೊಸ ಅಕ್ಕಿ ಹಾಕಬ್ಯಾಡ. ಅದು ಇನ್ನಾ ಬೆವರತೈತಿ. ಹಳೇದು ಹಾಕು, ಬಿಸಿಲಿಗೆ ಒಣಗಿಸಿ."

ನಾನು ನಕ್ಕೆ. "ಅಕ್ಕ, ಇದು ನಿಮ್ ಮಿಲ್ ಅಲ್ಲ. ಕಂಪ್ಯೂಟರ್ ವಿಷಯ ನನಗ ಬಿಡು" ಅಂದೆ. ಆಕೆ ಬಗ್ಗಿ ಡಬ್ಬಿಯಿಂದ ಒಂದು ಕಾಳು ತೆಗೆದು ಬಾಯಿಗೆ ಹಾಕಿ ಕಡಿದು, ಮುರಿಯದೆ ಅಪ್ಪಚ್ಚಿಯಾದ ಆ ಕಾಳನ್ನು ಬೆರಳ ತುದಿಯಲ್ಲಿಟ್ಟುಕೊಂಡು ನನ್ನ ಮುಖದ ಮುಂದೆ ಹಿಡಿದಳು. ಅಷ್ಟರಲ್ಲಿ ಅಂಗಡಿಯಲ್ಲಿ ಯಾರೋ ಕರೆದರು. "ಬಂದೆ, ಬಂದೆ" ಅನ್ನುತ್ತ ಡಬ್ಬಿಯ ಮುಚ್ಚಳವನ್ನು ಬಿಗಿಯಾಗಿ ಒತ್ತಿ ಎದ್ದೆ. ಹೋಗುವಾಗ ನೋಡಿದರೆ ಅಕ್ಕ ಪಾಟಿ ಒರೆಸಿ ಮತ್ತೇನೋ ಬರೆಯುತ್ತಿದ್ದಳು. ಏನು ಬರೆದಳೋ ನಾನು ಓದಲಿಲ್ಲ.

ಆಮೇಲೆ ಆಕೆ ಮೂರು ವರ್ಷ ಬದುಕಿದ್ದಳು. ಆ ವಿಷಯ ಮತ್ತೆ ಎತ್ತಲಿಲ್ಲ. ತಮ್ಮ ಕಂಪ್ಯೂಟರ್ ಬಲ್ಲವನು, ಅವನಿಗೆ ಗೊತ್ತಿರಬಹುದು ಅಂತ ನಂಬಿದಳೋ, ಹೇಳಿ ಹೇಳಿ ಸಾಕಾಯಿತೋ, ಇವತ್ತಿಗೂ ತಿಳಿಯದು.

ಅಕ್ಕ ಹೋದ ಮೇಲೆ ನಾನು ಆ ಡಬ್ಬಿಯನ್ನು ಹೇಗೆ ನೋಡಿಕೊಂಡೆ ಅಂದರೆ, ನಿಮಗೆ ನಗು ಬಂದರೂ ಬರಬಹುದು. ಪ್ರತಿ ವರ್ಷ ಸುಗ್ಗಿಯಾಗಿ ಮಿಲ್ಲಿನಿಂದ ಅಕ್ಕಿ ಬಂದ ದಿನ ಸ್ನಾನ ಮಾಡಿ, ಡಬ್ಬಿ ಇಳಿಸಿ, ಹಳೆ ಅಕ್ಕಿ ತೆಗೆದು ಹೊಸ ಅಕ್ಕಿ ತುಂಬುತ್ತಿದ್ದೆ. ನಮ್ಮಲ್ಲಿ ಹೊಸ ಅಕ್ಕಿ ಅಂದರೆ ಲಕ್ಷ್ಮಿ, ಮೊದಲ ಹಿಡಿ ದೇವರ ಮುಂದೆ ಹೋಗಬೇಕು. ಎರಡನೆಯ ಹಿಡಿ ಅಕ್ಕನಿಗೆ ಅಂತ ನನ್ನ ಲೆಕ್ಕ. ವರ್ಷವಿಡೀ ಇದ್ದು ಚೂರುಪಾರು ಒಣಗಿದ ಅಕ್ಕಿಯನ್ನು ಹೊರಗೆ ತೆಗೆದು ಹಸಿ ಅಕ್ಕಿಯನ್ನು ಒಳಗೆ ಹಾಕುತ್ತಿದ್ದೇನೆ ಅಂತ ಒಂದು ಸಲವೂ ತೋಚಲಿಲ್ಲ. ಬಟ್ಟೆಯ ಚೀಲದ ಗಂಟನ್ನು ಮಾತ್ರ ಬಿಚ್ಚುತ್ತಿರಲಿಲ್ಲ. ಪೆನ್‌ಡ್ರೈವು ಬಂತು, ಮೊಬೈಲಿನಲ್ಲೇ ಲೋಕ ಹಿಡಿಸುವ ಕಾಲ ಬಂತು. ಈ ವರ್ಷ ಬಿಚ್ಚಿ ಅದಕ್ಕೆ ಹಾಕಿಡೋಣ ಅಂತ ಪ್ರತಿ ಸಲ ಅಂದುಕೊಳ್ಳುವೆ. ಹಾಕಬೇಕಾದರೆ ಬಂದಿದೆಯೋ ಇಲ್ಲವೋ ಅಂತ ಕೇಳಿ ನೋಡಬೇಕು. ಆ ದನಿ ಕೇಳಿ ತಡೆದುಕೊಳ್ಳುವ ಶಕ್ತಿ ನನಗಿರಲಿಲ್ಲ. ಗಂಟಿಗೆ ಕೈ ಹಾಕಿ, ಮುಂದಿನ ವರ್ಷ ಅಂತ ಬಿಡುತ್ತಿದ್ದೆ.

ಪೂರ್ಣಿ ಕಂಪ್ಲಿಯಲ್ಲಿ ಅಜ್ಜಿಯ ಹತ್ತಿರ ಬೆಳೆದಳು. ತಿಳಿವಳಿಕೆ ಬಂದ ಮೇಲೆ ಡಬ್ಬಿಯ ವಿಷಯವನ್ನೂ ಅವ್ವನ ಷರತ್ತನ್ನೂ ಅವಳಿಗೆ ಹೇಳಿದ್ದೆ. ಡಿಪ್ಲೊಮಾ ಮುಗಿಸಿದಳು. ಹೋದ ವರ್ಷ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ಕುರೆಕುಪ್ಪದಲ್ಲಿ ರೂಮು ಮಾಡಿಕೊಂಡಳು. ಮೊದಲ ವಾರದ ರಜೆಗೆ ನೇರ ನಮ್ಮ ಮನೆಗೆ ಬಂದು, ಚಪ್ಪಲಿ ಬಿಡುವ ಮುಂಚೆಯೇ ಬಾಗಿಲಲ್ಲಿ ನಿಂತು ಹೇಳಿದಳು: "ಮಾಮ, ನನ್ ಕಾಲ ಮ್ಯಾಲೆ ನಾನು ನಿಂತೀನಿ. ಅವ್ವಂದು ಕೇಳಿಸು."

ಡಬ್ಬಿ ಇಳಿಸಿದೆ. ಅಕ್ಕಿ ತೆಗೆದೆ. ಗಂಟು ಬಿಚ್ಚುತ್ತಿದ್ದಂತೆ ಮುಗ್ಗಲು ವಾಸನೆ ಬಂತು. ಸೀಡಿಯ ಕಾಗದದ ಕವರುಗಳು ಕಪ್ಪು ಹಸಿರಾಗಿ ಒಂದಕ್ಕೊಂದು ಅಂಟಿಕೊಂಡಿದ್ದವು. ಬಿಡಿಸಿದರೆ ಸೀಡಿಯ ಮೇಲಿನ ಬೆಳ್ಳಿ ಪದರು ಕಾಗದದ ಜೊತೆಗೇ ಕಿತ್ತು ಬಂತು. ಉಳಿದವುಗಳ ಮೇಲೆ ಅಂಚಿನಿಂದ ಒಳಕ್ಕೆ ಜೇಡನ ಬಲೆಯ ಹಾಗೆ ಬೂಷ್ಟು ಹಬ್ಬಿತ್ತು. ಹಾರ್ಡ್ ಡಿಸ್ಕಿನ ಹಸಿರು ಹಲಗೆಗೆ ಕಿಲುಬು, ಸಂದುಗೊಂದಿನಲ್ಲೆಲ್ಲ ತೌಡಿನ ಧೂಳು. ಪೂರ್ಣಿ ಒಂದೊಂದನ್ನೇ ತನ್ನ ವೇಲಿನಿಂದ ಮೆತ್ತಗೆ ಒರೆಸಿ ನನ್ನ ಕೈಗೆ ಕೊಡುತ್ತ ಹೋದಳು, ನಾನು ಕಂಪ್ಯೂಟರಿಗೆ ಹಾಕಿ ತೆಗೆಯುತ್ತ ಹೋದೆ. ಹದಿನೈದೂ ಮುಗಿದವು, ಒಂದೂ ತೆರೆಯಲಿಲ್ಲ. "ಯಾಕ ಹಿಂಗಾತು ಮಾಮ?" ಅಂದಳು. "ಕಾಲುವಿ ನೀರಿನ ತಂಪು ನೋಡವಾ. ಈ ಮನಿ ಗ್ವಾಡೀನ ಹಂಗ" ಅಂದೆ. ಗೋಡೆಗೆ ಬಾಯಿಲ್ಲ, ಅದು ಏನೂ ಅನ್ನಲಿಲ್ಲ.

ಹಾಳಾದ ಡಿಸ್ಕುಗಳಿಂದ ಮಾಹಿತಿ ತೆಗೆದುಕೊಡುವವರು ಬಳ್ಳಾರಿಯಲ್ಲಿ ಒಬ್ಬರಿದ್ದಾರೆಂದು ತಿಳಿದು ಇಬ್ಬರೂ ಎಲ್ಲವನ್ನೂ ಹೊತ್ತುಕೊಂಡು ಹೋದೆವು. ತಿಂಗಳ ಮೇಲೆ ಕರೆದರು. ಹಾರ್ಡ್ ಡಿಸ್ಕು ಪೂರ್ತಿ ಹೋಗಿತ್ತು. ಸೀಡಿಗಳಲ್ಲಿ ಒಂದು ಪ್ರತಿಯ ಮೊದಲನೆಯದರಿಂದ ಮಾತ್ರ ಹನ್ನೊಂದು ಸೆಕೆಂಡು ಸಿಕ್ಕಿದೆ ಅಂದರು. "ಸೀಡಿಯೊಳಗ ಬರೆಯೋದು ನಡುವಿನಿಂದ ಹೊರಕ್ಕ, ಬೂಷ್ಟು ತಿನ್ನೋದು ಅಂಚಿನಿಂದ ಒಳಕ್ಕ. ಹಂಗಾಗಿ ಶುರುವಿಂದಷ್ಟ ಉಳದೈತ್ರಿ" ಎಂದು ವಿವರಿಸಿದರು. ಪೂರ್ಣಿ ಕುರ್ಚಿಯ ತುದಿಗೆ ಬಂದು ಕೂತಳು. ಅವರು ಒತ್ತಿದರು.

ಬಂದದ್ದು ನನ್ನ ದನಿ. "ಹಲೋ, ಹಲೋ. ಒಂದು, ಎರಡು, ಮೂರು. ಅಕ್ಕ, ನೀನು ಸುಮ್ನಿರು. ನಾನು ಹೇಳಿದಾಗ ಮಾತಾಡು."

ಅಷ್ಟೇ. ಆಮೇಲೆ ಕರ್ರ್ ಎಂಬ ಸದ್ದು.

ಹಿಂದಕ್ಕೆ ಬರುವಾಗ ಬಸ್ಸಿನಲ್ಲಿ ಪೂರ್ಣಿ ಅತ್ತಳು. ಕುರೆಕುಪ್ಪಕ್ಕೆ ಹೋಗಬೇಕಾದವಳು ತೋರಣಗಲ್ಲಿನಲ್ಲಿ ಇಳಿದಳು, ನಾನೂ ಹಿಂದೆಯೇ ಇಳಿದೆ. ಬಸ್‌ಸ್ಟ್ಯಾಂಡಿನಲ್ಲಿ ಅದಿರಿನ ಲಾರಿಗಳ ಕೆಂಪು ಧೂಳು ತುಂಬಿದ ಬೆಂಚಿನ ಮೇಲೆ ಕೂರಿಸಿ ಎಲ್ಲ ಹೇಳಿಬಿಟ್ಟೆ. ಗೋಡೆಯಿಂದಲ್ಲ, ಅಕ್ಕಿಯಿಂದ ಹೋಯಿತು ಅಂತ ಹೇಳಿದೆ. ನಿನ್ನ ಅವ್ವ ಬ್ಯಾಡ ಅಂತ ಬರೆದು ತೋರಿಸಿದಳು, ಕಾಳು ಕಡಿದು ತೋರಿಸಿದಳು, ನಾನು ಕೇಳಲಿಲ್ಲ ಅಂತಲೂ ಹೇಳಿದೆ. ಬೈದಾಳು, ಕೂಗಾಡಿಯಾಳು ಅಂದುಕೊಂಡಿದ್ದೆ. ಪೂರ್ಣಿ, "ಅವ್ವ ಬದುಕಿದ್ದಾಗಲೇ ನೀವು ಯಾರೂ ಆಕಿ ಮಾತು ಕೇಳಲಿಲ್ಲ. ಸತ್ತಮ್ಯಾಲೆ ಕೇಳಾಕ ಮೂರು ಕಾಪಿ ಮಾಡಿಟ್ರಿ" ಅಂದಳು. ಎದ್ದು ಆಟೋ ಹತ್ತಿದಳು.

ಐದು ತಿಂಗಳು ಬರಲಿಲ್ಲ. ಫೋನು ಮಾಡಿದರೆ ಎತ್ತಲಿಲ್ಲ. ಹೆಂಡತಿ ಕೇಳಿದರೆ ಡ್ಯೂಟಿ ಜಾಸ್ತಿಯಂತೆ ಅಂತ ಸುಳ್ಳು ಹೇಳಿದೆ. ಈ ಐದು ತಿಂಗಳಲ್ಲಿ ನನಗಾದ ದುಃಖ ಅಕ್ಕ ಹೋದಾಗ ಆದದ್ದಕ್ಕಿಂತ ಬೇರೆ ನಮೂನೆಯದು. ಆಗ ಅಳಬಹುದಿತ್ತು, ನಾಲ್ಕು ಜನ ಬಂದು ಬೆನ್ನು ಸವರುತ್ತಿದ್ದರು. ಈಗ ಯಾರ ಮುಂದೆ ಅಳುವುದು? ಅಕ್ಕನ ದನಿಯನ್ನು ನೆನಪು ಮಾಡಿಕೊಳ್ಳೋಣ ಅಂತ ಕೂತರೆ ಅದೂ ಸರಿಯಾಗಿ ಬರುವುದಿಲ್ಲ. ಮಾತು ನೆನಪಿದೆ, ದನಿ ನೆನಪಿಲ್ಲ. ದೊಡ್ಡದಿತ್ತು ಅಂತ ಗೊತ್ತು, ಎಷ್ಟು ದೊಡ್ಡದು, ಹೇಗೆ ದೊಡ್ಡದು, ಹಿಡಿತಕ್ಕೆ ಸಿಗುವುದಿಲ್ಲ. ಪಾಟಿಯ ಮೇಲಿನ ಅಕ್ಷರಗಳು ಮಾತ್ರ ಕಣ್ಣಿಗೆ ಕಟ್ಟಿದ ಹಾಗಿವೆ. ಲ ಅಕ್ಷರದ ಬಾಲವನ್ನು ಆಕೆ ಉದ್ದಕ್ಕೆ ಎಳೆಯುತ್ತಿದ್ದಳು.

ಹೋದ ಭಾನುವಾರ ಬೆಳಿಗ್ಗೆ ಪೂರ್ಣಿ ಬಂದಳು. ನನ್ನ ಹೆಂಡತಿ ಕೊಟ್ಟ ಚಹಾ ಕುಡಿದು, ಅಂಗಡಿಗೆ ಬಂದು, ಗಿರಾಕಿಗಳು ಹೋಗುವವರೆಗೆ ಕಾದು, ನನ್ನ ಎದುರಿನ ಕುರ್ಚಿಯಲ್ಲಿ ಕೂತಳು. ಮೊಬೈಲನ್ನು ಮೇಜಿನ ಮೇಲಿಟ್ಟು ರೆಕಾರ್ಡಿಂಗ್ ಒತ್ತಿದಳು.

"ಅವ್ವ ಮೈಕಿನ್ಯಾಗ ಹೇಳಿದ್ದು, ಪಾಟಿ ಮ್ಯಾಲೆ ಬರೆದದ್ದು, ನಿನಗೆಷ್ಟು ನೆನಪೈತಿ ಅಷ್ಟೂ ಹೇಳು" ಅಂದಳು.

ಫೋನಿನ ಮೇಲೆ ಕೆಂಪು ಚುಕ್ಕೆ ಮಿನುಗುತ್ತಿತ್ತು. ನಾನು ಸುಲಭದ್ದು ನೋಡಿಕೊಂಡು, ಮೂಲೆಯ ಜ್ಯಾಡದ ಬಯ್ಗುಳದಿಂದ ಶುರು ಮಾಡಿದೆ. ಪೂರ್ಣಿ ಕೈ ಅಡ್ಡ ಹಿಡಿದಳು.

"ಅದು ಆಮ್ಯಾಲೆ. ಮೊದಲು ಅಕ್ಕಿದು ಹೇಳು."

ಹೇಳಿದೆ. ಪಾಠ ಒಪ್ಪಿಸುವವನ ಹಾಗೆ, ಅಕ್ಕ ಬರೆದ ಮೂರು ಸಾಲನ್ನೂ ಒಂದಕ್ಷರ ಬಿಡದೆ ಹೇಳಿದೆ. ನಡುವೆ ಎರಡು ಸಲ ದನಿ ಒಡೆಯಿತು. ನಿಲ್ಲಿಸಲೇನು ಅಂತ ನೋಡಿದರೆ ಅವಳು ಫೋನಿನತ್ತ ಕೈ ಚಾಚಲಿಲ್ಲ. ಮುಗಿದ ಮೇಲೆ ಕೇಳಿದೆ, "ಸಿಟ್ಟು ಹೋತೇನವಾ?"

"ಇಲ್ಲ ಮಾಮ, ಹೋಗಿಲ್ಲ. ಆದ್ರ ಅವ್ವ ಮೈಕಿನ್ಯಾಗ ಏನಂದಿದ್ಲು ಅಂತ ಕೇಳಾಕ ನಿನ್ನ ಬಿಟ್ರ ನನಗ ಯಾರದಾರ?" ಅಂದಳು. ಫೋನನ್ನು ನನ್ನ ಕಡೆಗೆ ಇನ್ನಷ್ಟು ಸರಿಸಿ, "ಮುಂದಿಂದು ಹೇಳು" ಅಂದಳು.

ನಾನು ಮುಂದಿನದು ಹೇಳಿದೆ.